ಆರಡಿ ಸೈಡಿಂಗು, ಒಂದು ಪೊರಕೆ

ಯಾರಾದರೂ 'ಆಟಿಕೆ ರೈಲು' ಎಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆಟಿಕೆ ಓಡಿದರೆ ಸಾಕು. ಮಾದರಿ ರೈಲು ನಿಂತಾಗಲೂ ನಿಜ ಅನ್ನಿಸಬೇಕು. ಇಂಜಿನ್ನು, ವ್ಯಾಗನ್ನು, ಹಳಿ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ, ಆಸೆ ಇದ್ದವರು ತರಿಸಿಕೊಳ್ಳಬಹುದು. ಅವು ನಿಲ್ಲುವ ನೆಲ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆ ನೆಲ ಮಾಡಿದವಳು ನಾನು ಎಂದು ಹೊಳಲ್ಕೆರೆಯ ಅರ್ಧ ಊರಿಗೆ ಹೇಳಿಕೊಂಡು ತಿರುಗಿದ್ದೇನೆ. ಹೇಳಿದ್ದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಹೇಳುವುದಕ್ಕೇ ಈಗ ಬರೆಯಲು ಕೂತಿದ್ದೇನೆ.

ನಾನು ತಾಳ್ಯದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಟೀಚರು. ದಿನಾ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಯಜಮಾನರು ಹಿರಿಯೂರಿನಲ್ಲಿ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಲಾರಿ ಮೆಕ್ಯಾನಿಕ್, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಮನೆಯಲ್ಲಿ ನಾನು ಮತ್ತು ನಮ್ಮತ್ತೆ. ಇಬ್ಬರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಆದ್ದರಿಂದ ಮಾತು ಕಡಿಮೆ, ಮನೆ ಶಾಂತ.

ಅತ್ತೆ ಹೊಸದುರ್ಗದ ಕಡೆಯವರು. ಅಲ್ಲಿನ ಒಂದು ಸಣ್ಣ ಸ್ಟೇಷನ್ನಿನ ಅದಿರು ಸೈಡಿಂಗಿನಲ್ಲಿ ಕೂಲಿ ಮಾಡಿದವರು. ಮುಖ್ಯ ಹಳಿಯಿಂದ ಕವಲೊಡೆದು ಪಕ್ಕಕ್ಕೆ ಬಂದು ನಿಲ್ಲುವ ಹಳಿಗೆ ಸೈಡಿಂಗ್ ಎನ್ನುತ್ತಾರೆ. ಗಣಿಯಿಂದ ಲಾರಿಗಳು ಕಬ್ಬಿಣದ ಅದಿರು ತಂದು ಅದರ ಪಕ್ಕ ಸುರಿಯುತ್ತವೆ, ಅಲ್ಲಿಂದ ವ್ಯಾಗನ್ನಿಗೆ ತುಂಬುತ್ತಾರೆ. ಈಗ ಯಂತ್ರ ತುಂಬುತ್ತದೆ. ಅತ್ತೆಯ ಕಾಲದಲ್ಲಿ ಬಾಣಲಿಗೆ ತುಂಬಿ, ತಲೆಯ ಮೇಲೆ ಹೊತ್ತು, ಹಲಗೆ ಹತ್ತಿ ಸುರಿಯುತ್ತಿದ್ದರು. ಅತ್ತೆ ಅದಿರು ಹೊತ್ತವರು ಎಂದಷ್ಟೇ ನನಗೆ ಗೊತ್ತಿತ್ತು. ಹೆಚ್ಚಿಗೆ ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಇನ್ನೊಂದು ಗೊತ್ತಿತ್ತು: ಅವರು ಎಡಚಿ. ಊಟಕ್ಕೆ ಮತ್ತು ಯಾರಿಗಾದರೂ ಏನಾದರೂ ಕೊಡುವುದಕ್ಕೆ ಬಲಗೈ, ಮಿಕ್ಕಿದ್ದಕ್ಕೆಲ್ಲ ಎಡಗೈ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಮೊದಲ ಜಗಳ ಅಂಗಳದ್ದು. ನಾನು ಗುಡಿಸಿ ಒಳಗೆ ಬಂದರೆ ಅವರು ಹೊರಗೆ ಹೋಗಿ ಮತ್ತೊಂದು ಸಲ ಗುಡಿಸುತ್ತಿದ್ದರು. ನನ್ನ ಗೆರೆಗಳು ಒಂದು ಕಡೆ ಬಾಗಿದರೆ ಅವರದು ಇನ್ನೊಂದು ಕಡೆ. ಒಂದು ತಿಂಗಳಾದ ಮೇಲೆ 'ನೀವೇ ಗುಡಿಸಿಕೊಳ್ಳಿ' ಎಂದು ಪೊರಕೆ ಬಿಟ್ಟೆ. ಅಂದಿನಿಂದ ನಮ್ಮ ಮನೆಯ ಅಂಗಳ ಅವರದೇ.

ರೈಲಿನ ವಿಷಯ ಬಂದದ್ದು ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ. ಅತಿಥಿಯಾಗಿ ಬಂದಿದ್ದವರು ಚಿತ್ರದುರ್ಗದಲ್ಲಿ ನೆಲೆಸಿರುವ ನಿವೃತ್ತ ಸ್ಟೇಷನ್ ಮಾಸ್ಟರು. ವೇದಿಕೆಯ ಹಿಂದೆ ನಾನು ಬರೆದಿದ್ದ ಕಲ್ಲುಗುಡ್ಡಗಳ ಪರದೆಯನ್ನು ಅವರು ಭಾಷಣದ ನಡುವೆಯೇ ನಾಲ್ಕು ಸಲ ತಿರುಗಿ ನೋಡಿದರು. ಆಮೇಲೆ ಬಂದು, ತಮ್ಮ ಮನೆಯಲ್ಲಿ ಮಾದರಿ ರೈಲು ಇದೆ, ಹಿಂದೆ ಬೆಟ್ಟ ಬರೆದುಕೊಡುತ್ತೀರಾ ಎಂದರು. ಹೋಗಿ ನೋಡಿದೆ. ಇಂಜಿನ್ನು ಥೇಟ್ ನಿಜದ್ದು, ಒಂದೊಂದು ಬೋಲ್ಟೂ ಕಾಣುತ್ತದೆ. ಆದರೆ ಅದು ಓಡುತ್ತಿದ್ದದ್ದು ಬರಿಯ ಪ್ಲೈವುಡ್ಡಿನ ಮೇಲೆ. ರೇಷ್ಮೆ ಸೀರೆ ಉಟ್ಟವಳು ಬರಿಗಾಲಲ್ಲಿ ನಿಂತ ಹಾಗಿತ್ತು.

"ಸರ್, ಬೆಟ್ಟ ಆಮೇಲೆ ಬರೀತೀನಿ. ಮೊದಲು ಇದಕ್ಕೊಂದು ನೆಲ ಬೇಕು," ಎಂದೆ.

ಅವರು ಚಿಕ್ಕ ವಯಸ್ಸಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದು ಅದೇ ಹೊಸದುರ್ಗದ ಕಡೆಯ ಸ್ಟೇಷನ್ನಿನಲ್ಲಿ. ಆ ಕಾಲದ ಸೈಡಿಂಗನ್ನೇ ಮಾಡೋಣ ಎಂದರು. ಚಿತ್ರದುರ್ಗದ ಒಂದು ಕಾಲೇಜಿನ ಸಭಾಂಗಣದಲ್ಲಿ ಹವ್ಯಾಸಿಗಳ ಎರಡು ದಿನದ ಪ್ರದರ್ಶನವೊಂದು ನಡೆಯುವುದಿತ್ತು, ಅದಕ್ಕೆ ಇಡುವ ಯೋಚನೆ. ಆರಡಿ ಉದ್ದ, ಎರಡಡಿ ಅಗಲದ ಹಲಗೆಯನ್ನು ಗೂಡ್ಸ್ ಆಟೋದಲ್ಲಿ ನಮ್ಮ ಮನೆಗೆ ತಂದು ಪಡಸಾಲೆಯಲ್ಲಿ ಎರಡು ಬೆಂಚಿನ ಮೇಲೆ ಇಟ್ಟು ಹೋದರು. ಅತ್ತೆ ಅದನ್ನು ಸುತ್ತಿ ಬಂದು, "ಕುಂತ್ಕಳಕ್ಕೆ ಜಾಗ ಇಲ್ದಂಗಾತು," ಎಂದಷ್ಟೇ ಹೇಳಿದರು.

ಆ ನೆಲಕ್ಕೆ ನಾನು ಪಟ್ಟ ಪಾಡನ್ನು ಹೇಳದೆ ಇರಲಾರೆ. ಅಳತೆ ಎಂಬತ್ತೇಳಕ್ಕೆ ಒಂದು. ನಿಜದ ಎಂಬತ್ತೇಳು ಅಡಿ ಇಲ್ಲಿ ಒಂದಡಿ. ಆಳು ನಿಂತರೆ ಬೆರಳಿನ ಒಂದು ಗೆಣ್ಣಿನಷ್ಟು. ಒಂದು ಸಾಸಿವೆ ಕಾಳು ಆ ನೆಲದ ಮೇಲೆ ಬಿದ್ದರೆ ಮನುಷ್ಯನ ತಲೆಯಷ್ಟು ದೊಡ್ಡ ಕಲ್ಲಾಗುತ್ತದೆ. ಹಾಗಾಗಿ ಹೊಲದಿಂದ ಮಣ್ಣು ತಂದು ಸುರಿದರೆ ಆಗುವುದಿಲ್ಲ. ನಾನು ಆ ಸ್ಟೇಷನ್ನಿಗೇ ಹೋಗಿ ಏಳು ಬಗೆಯ ಮಣ್ಣನ್ನು ಏಳು ಡಬ್ಬಿಯಲ್ಲಿ ತಂದೆ. ಅದಿರಿನ ಮಣ್ಣು ದೂರಕ್ಕೆ ಕೆಂಪು. ಹತ್ತಿರಕ್ಕೆ ಅದರಲ್ಲಿ ಕಪ್ಪಿದೆ, ನೇರಳೆ ಇದೆ, ಉಕ್ಕಿನ ಹೊಳಪಿದೆ. ಮೊದಲು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ, ಆಮೇಲೆ ಹಳೆಯ ವಾಯಿಲ್ ಸೀರೆಯಲ್ಲಿ ಸೋಸಿದೆ. ಹಿಟ್ಟಿನ ಜರಡಿ ಎಲ್ಲಿ ಎಂದು ಅತ್ತೆ ಎರಡು ದಿನ ಹುಡುಕಿದರು, ಸಿಕ್ಕಿದ ಮೇಲೆ ಅದರ ಬಣ್ಣ ನೋಡಿ ಹೊಸದು ತರಿಸಿಕೊಂಡರು.

ಹಳಿಯ ಕೆಳಗಿನ ಜಲ್ಲಿಗೆ ಕಲ್ಲು ಕ್ರಷರಿನ ಪುಡಿ. ಬಡಗಿಗಳ ಬಿಳಿ ಅಂಟನ್ನು ನೀರಿಗೆ ಬೆರೆಸಿ, ಅದಕ್ಕೊಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಸಿರಿಂಜಿನಲ್ಲಿ ಹನಿ ಹನಿ ಬಿಟ್ಟೆ. ಸೋಪು ಹಾಕದಿದ್ದರೆ ಅಂಟು ಮೇಲೆಯೇ ಗುಂಡಗೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ತುಕ್ಕಿಗೆ ಹಳೆಯ ಮೊಳೆಗಳನ್ನು ಹುಣಸೆ ನೀರಿನಲ್ಲಿ ಎಂಟು ದಿನ ನೆನೆಹಾಕಿದೆ. ಆ ನೀರೇ ತುಕ್ಕಿನ ಬಣ್ಣ, ಯಾವ ಪೇಂಟ್ ಕಂಪನಿಯವರಿಗೂ ಆ ಬಣ್ಣ ಬರುವುದಿಲ್ಲ. ಯಜಮಾನರು ಗ್ಯಾರೇಜಿನಿಂದ ಸುಟ್ಟ ಇಂಜಿನ್ ಆಯಿಲನ್ನು ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತಂದುಕೊಟ್ಟರು. ಇಂಜಿನ್ನು ನಿಲ್ಲುವ ಜಾಗದಲ್ಲಿ ಸೂಜಿಯ ತುದಿಯಿಂದ ಅದರ ಕಲೆ ಬಿಟ್ಟೆ. ಒಣಗಿಸಿದ ಚಹಾ ಚರಟ ಬೇವಿನ ಎಲೆಯಾಯಿತು, ತೆಂಗಿನ ನಾರು ಒಣಹುಲ್ಲಾಯಿತು. ಲಾರಿ ಚಕ್ರದ ಗುರುತಿಗೆ ಸಣ್ಣ ಲಾರಿಯನ್ನೇ ಹಸಿ ಮಣ್ಣಿನ ಮೇಲೆ ಉರುಳಿಸಿದೆ.

ಇಷ್ಟೆಲ್ಲ ಆಗಿ, ಹಿಂದೆ ಬೆಟ್ಟವನ್ನೂ ಬರೆದ ಮೇಲೆ ಹಲಗೆಯ ಮುಂಭಾಗಕ್ಕೆ ಬಂದೆ. ಅದಿರು ರಾಶಿ ಹಾಕುವ, ಹೊರುವ ಜಾಗ ಅದು. ಕಾರ್ಖಾನೆ, ಗಣಿ, ಸೈಡಿಂಗ್ ಎಂದರೆ ಕೊಳಕು ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಇಂಟರ್ನೆಟ್ಟಿನಲ್ಲಿ ನೋಡಿದ ವಿಡಿಯೋಗಳಲ್ಲೂ ಹಾಗೇ ಇತ್ತು. ಎಲ್ಲ ಕಡೆ ಸಮನಾಗಿ ಕೆಂಪು ಧೂಳು ಉದುರಿಸಿದೆ. ಅದರ ಮೇಲೆ ಹರಿದ ಗೋಣಿ, ಮುರಿದ ಹಲಗೆ, ಹಳೆ ಟೈರು, ಬಣ್ಣದ ಚೀಟಿಗಳ ಚೂರು. ಅಂಟು ಇನ್ನೂ ಹಾಕಿರಲಿಲ್ಲ. ಸ್ಟೇಷನ್ ಮಾಸ್ಟರು ನೋಡಿ ಒಪ್ಪಲಿ, ಆಮೇಲೆ ಗಟ್ಟಿ ಮಾಡೋಣ ಎಂದು ಹಾಗೇ ಬಿಟ್ಟಿದ್ದೆ.

ಈ ಮೂರು ವಾರವೂ ಅತ್ತೆ ಹಲಗೆಯನ್ನು ಮುಟ್ಟಿರಲಿಲ್ಲ. ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. "ಹ್ಞೂಂ" ಎಂದು ಒಳಗೆ ಹೋಗುತ್ತಿದ್ದರು. ಮುದುಕಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ನಾನು ಅಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ಹೌದು.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ಭಾನುವಾರ ಮಧ್ಯಾಹ್ನ ಸ್ಟೇಷನ್ ಮಾಸ್ಟರು ಬಂದರು. ಕನ್ನಡಕ ಏರಿಸಿ ಬಗ್ಗಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

"ಶಭಾಷ್ ಟೀಚರ್! ಸೈಡಿಂಗ್ ಅಂದ್ರೆ ಇದೇ. ಹಿಂಗೇ ಗಲೀಜಾಗಿ ಇರಬೇಕು. ಅಲ್ಲಿ ಗುಡಿಸೋರು ಯಾರಿದ್ರು ಹೇಳಿ?"

ನನಗೆ ಕೋಡು ಮೂಡಿತು. ಅದೇ ಹೊತ್ತಿಗೆ ಅತ್ತೆ ಕಾಫಿ ತಂದರು. ತಟ್ಟೆಯನ್ನು ಕೆಳಗಿಟ್ಟದ್ದು ಸ್ವಲ್ಪ ಜೋರಾಯಿತು, ಕಾಫಿ ತುಳುಕಿತು. ಅವರು ಒಳಗೆ ಹೋದರು.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಪಡಸಾಲೆಗೆ ಬಂದೆ. ಹಲಗೆಯ ಮುಂಭಾಗ ಬೋಳಾಗಿತ್ತು. ಟೈರಿಲ್ಲ, ಗೋಣಿಯಿಲ್ಲ, ಚೀಟಿಯಿಲ್ಲ, ಧೂಳಿಲ್ಲ. ಅತ್ತೆ ತೆಂಗಿನ ಪೊರಕೆಯಿಂದ ಮುರಿದುಕೊಂಡ ನಾಲ್ಕು ಕಡ್ಡಿ ಹಿಡಿದು ನಿಂತಿದ್ದರು. ನನ್ನ ಮೂರು ವಾರದ ಕೆಲಸವೆಲ್ಲ ಪಕ್ಕದ ಮೊರದಲ್ಲಿ ಒಂದು ಹಿಡಿ ಕಸವಾಗಿ ಬಿದ್ದಿತ್ತು.

"ಏನ್ ಮಾಡಿದ್ರಿ ಅತ್ತೆ ಇದು?"

"ಕಸ ಗುಡಿಸ್ದೆ."

"ಅದು ಕಸ ಅಲ್ಲ! ಮೂರು ವಾರದ ಕೆಲಸ!"

"ಮೂರು ವಾರ ಗುಡಿಸ್ದೆ ಬಿಟ್ರೆ ಇಷ್ಟು ಆಗೇ ಆಗ್ತೈತೆ ಕಣವ್ವ."

ನಾನು ಕೂಗಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ನಿಮಗೆ ಗುಡಿಸುವುದೊಂದು ಬಿಟ್ಟು ಬೇರೇನು ಗೊತ್ತು ಎಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಅದಕ್ಕೆ ಅತ್ತೆ ಸಿಟ್ಟಾಗಲಿಲ್ಲ. ಕಡ್ಡಿಗಳನ್ನು ಬೆಂಚಿನ ಮೇಲಿಟ್ಟು ನನ್ನನ್ನು ನೇರವಾಗಿ ನೋಡಿದರು.

"ಹೌದು, ಅದೇ ಗೊತ್ತಿರೋದು. ಆವಪ್ಪ ನಿನ್ನೆ ಏನಂದ ಕೇಳಿಸ್ಕಂಡ್ಯಾ? ಗುಡಿಸೋರು ಯಾರಿದ್ರು ಅಂದ. ನಾನಿದ್ದೆ. ಎರಡು ವರ್ಷ ಬಾಣಲಿ ಹೊತ್ತೆ, ಆಮೇಲೆ ಹದಿನೆಂಟು ವರ್ಷ ಅಲ್ಲಿ ಪರಕೆ ಹಿಡಿದಿದ್ದು ನಾನು. ನೀನು ಇದನ್ನ ದುರ್ಗದಾಗೆ ನೂರು ಜನ ನೋಡೋ ಕಡೆ ಇಡ್ತೀಯ. ನಮ್ಮ ಸೈಡಿಂಗಿನೋರು ಯಾರಾನ ಬಂದು ನೋಡಿದ್ರೆ, ಈವಮ್ಮ ಅಷ್ಟು ವರ್ಷ ಏನ್ ಗುಡಿಸಿದ್ಳು ಅನ್ನಲ್ವಾ?"

ನಾನು ತಿಂಡಿ ತಿನ್ನದೆ ಬಸ್ಸು ಹತ್ತಿದೆ. ತಾಳ್ಯ ಬರುವವರೆಗೂ ಸಿಟ್ಟಿತ್ತು. ಮೊದಲ ಪಿರಿಯಡ್ಡಿನಲ್ಲಿ ಮಕ್ಕಳಿಗೆ 'ನಿಮ್ಮ ಮನೆಯ ಅಂಗಳ ಬರೆಯಿರಿ' ಎಂದು ಹೇಳಿ ಕುರ್ಚಿಯಲ್ಲಿ ಕೂತೆ. ಬೇರೆ ವಿಷಯ ತಲೆಗೆ ಹೊಳೆಯಲಿಲ್ಲ. ಆ ನೆಲದ ಮಣ್ಣಿಗಾಗಿ ನಾನು ಬಸ್ಸು ಬದಲಿಸಿ ಅಷ್ಟು ದೂರ ಹೋಗಿದ್ದೆ. ಪ್ಲಾಟ್‌ಫಾರಂ ಮೇಲೆ ಹಸಿರು ಬಾವುಟ ಹಿಡಿದು ನಿಂತಿದ್ದವರನ್ನು ಹತ್ತು ಸಲ ಫೋನು ಮಾಡಿ ಕೇಳಿದ್ದೆ. ಆ ನೆಲವನ್ನು ಹದಿನೆಂಟು ವರ್ಷ ಬಗ್ಗಿ ನೋಡಿದವರು ನನ್ನ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು, ಅವರನ್ನು ಒಂದು ಮಾತು ಕೇಳಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಸಂಜೆ ಬಂದವಳು ಸೀರೆ ಕೂಡ ಬದಲಿಸದೆ ಹಲಗೆಯ ಪಕ್ಕ ಕೂತೆ. "ಅತ್ತೆ, ಹೇಳ್ರಿ. ಎಲ್ಲಿ ಹೆಂಗಿತ್ತು?" ಎಂದೆ. ಕ್ಷಮೆ ಕೇಳುವುದು ನಮ್ಮಿಬ್ಬರಿಗೂ ಬರುವುದಿಲ್ಲ. ಅವರಿಗೆ ಅಷ್ಟೇ ಸಾಕಾಯಿತು.

ಆ ಸಂಜೆ ಅವರು ಆಡಿದಷ್ಟು ಮಾತನ್ನು ನಾನು ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ಸೈಡಿಂಗಿನ ನೆಲವನ್ನು ಪ್ಲಾಟುಗಳಾಗಿ ಮಾಡಿ ಸುಣ್ಣದ ಗೆರೆ ಎಳೆದಿರುತ್ತಿದ್ದರಂತೆ. ಒಂದೊಂದು ಪ್ಲಾಟು ಒಂದೊಂದು ಗಣಿಯದು. ಒಬ್ಬರ ಅದಿರಿಗೆ ಇನ್ನೊಬ್ಬರದು ಬೆರೆಯಬಾರದು, ಮಣ್ಣಂತೂ ಬೆರೆಯಲೇಬಾರದು. ಹಾಗಾಗಿ ರೈಲು ತುಂಬಿ ಹೋದ ಮೇಲೆ, ಮುಂದಿನ ಲಾರಿ ಬಂದು ಸುರಿಯುವ ಮೊದಲು, ಪೂರಾ ಪ್ಲಾಟನ್ನು ಗುಡಿಸಲೇಬೇಕು.

"ಅಡಿಗೆ ಮನೆಗಿಂತ ಚೆಂದಾಗಿ ಇಟ್ಟಿದ್ದೆ," ಎಂದರು. "ಹಳಿ ಕಡೆಗೆ ಗುಡಿಸಂಗಿಲ್ಲ, ಜಲ್ಲಿ ಒಳಕ್ಕೆ ಪುಡಿ ಹೋದ್ರೆ ರೈಲ್ವೆಯೋರು ಬಯ್ತಿದ್ರು. ಹಳಿಗೆ ಬೆನ್ನು ಮಾಡಿ ಹೊರಗಡೀಕೆ ಗುಡಿಸ್ಬೇಕು. ಗುಡಿಸಿದ ಪುಡಿ ಮೂಲೇಲಿ ರಾಶಿ, ಅದೂ ಅದಿರೇ, ಬಿಸಾಕಂಗಿಲ್ಲ. ಹೊರೋ ಹೆಂಗಸ್ರು ನಡೆಯೋ ದಾರಿ ಐತಲ್ಲ, ಅಲ್ಲಿ ಪರಕೆ ಗೆರೆ ನಿಲ್ಲಾದಿಲ್ಲ. ಕಾಲಾಗೆ ತುಳ್ದು ತುಳ್ದು ಸಿಮೆಂಟ್ ಆಗಿರ್ತೈತೆ, ಮಿರಮಿರ ಅಂತಿರ್ತೈತೆ. ಬೇವಿನ ಮರದ ಬುಡದಾಗೆ ನಾವು ಬುತ್ತಿ ಬಿಚ್ಚೋದು. ಅಲ್ಲಿ ಒಂದು ಕಡ್ಡಿ ಇರಬಾರ್ದು, ನಾನು ಬಿಡ್ತಿರಲಿಲ್ಲ."

ಮೇಸ್ತ್ರಿಯ ಕತೆ ಬಂದದ್ದೂ ಆಗಲೇ. ಲೋಡಿಂಗ್ ಮೇಸ್ತ್ರಿ ಬೂಟು ಹಾಕಿಕೊಂಡು, ಬೆತ್ತ ಹಿಡಿದು, ಎಲ್ಲರಿಗೂ ಜಬರು ಮಾಡುತ್ತ ಅಡ್ಡಾದಿಡ್ಡಿ ಓಡಾಡುತ್ತಿದ್ದರಂತೆ. ಆಗಷ್ಟೇ ಗುಡಿಸಿದ ಪ್ಲಾಟಿಗೆ ಕಾಲಿಡಲು ಬಂದರೆ ಅತ್ತೆ ದೂರದಿಂದಲೇ ಕೂಗುತ್ತಿದ್ದರಂತೆ: "ಗುಡಿಸೀನಿ!" ಮೇಸ್ತ್ರಿ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡು ಸುತ್ತು ಹಾಕಿಕೊಂಡು ಹೋಗುತ್ತಿದ್ದರಂತೆ.

"ಮೇಸ್ತ್ರಿಗೇ ಹಂಗಂತಿದ್ರಾ?" ಎಂದೆ.

"ಮೇಸ್ತ್ರಿ ಆದ್ರೇನು? ಗುಡಿಸಿದ ಮ್ಯಾಲೆ ಮುಂದಿನ ಲಾರಿ ಬರೋಗಂಟ ನೆಲ ನಂದು."

ಮರುದಿನದಿಂದ ಕೆಲಸ ಶುರುವಾಯಿತು. ಸುಣ್ಣದ ಗೆರೆ ಎಳೆದೆ. ಹೊರುವವರ ದಾರಿಯನ್ನು ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಮಿರಮಿರ ಮಾಡಿದೆ. ಮೂಲೆಯಲ್ಲಿ ಪುಡಿಯ ರಾಶಿ ಹಾಕಿದೆ. ಇನ್ನು ಪೊರಕೆಯ ಗೆರೆ. ವಾಯಿಲ್ ಬಟ್ಟೆಯಲ್ಲಿ ಸೋಸಿದ ನುಣ್ಣನೆಯ ಪುಡಿ ಹರಡಿ, ಗಟ್ಟಿ ಬ್ರಷ್ಷಿನಿಂದ ಸಣ್ಣ ಸಣ್ಣ ಕಮಾನು ಎಳೆಯುತ್ತಾ ಹೋದೆ. ನಾನು ಚಿತ್ರಕಲೆ ಟೀಚರು, ಕೈ ಪಳಗಿದೆ. ಒಂದು ಪ್ಲಾಟು ಮುಗಿಸಿ, ನೋಡಿ ಎಂದೆ. ಅತ್ತೆ ಬಗ್ಗಿ ನೋಡಿದರು.

"ಚೆನ್ನಾಗೈತೆ. ಆದ್ರೆ ಇದು ನಿನ್ ಕೈ. ಅಲ್ಲಿ ನೀನು ಇರ್ಲಿಲ್ಲ."

ನನ್ನ ಕಮಾನುಗಳೆಲ್ಲ ಬಲಗೈಯವು. ಇಷ್ಟು ಸಣ್ಣದರಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ತೆಂಗಿನ ಕಡ್ಡಿಯ ತುದಿಯನ್ನು ಸೂಜಿಯಿಂದ ಸೀಳಿ ಏಳೆಂಟು ಎಳೆ ಮಾಡಿ ಅವರ ಕೈಗೆ ಕೊಟ್ಟೆ. ಮೊದಲು ನನ್ನ ಗೆರೆಗಳನ್ನೆಲ್ಲ ಅಳಿಸಿದರು. ಆಮೇಲೆ ಎಡಗೈಯಲ್ಲಿ ಪೊರಕೆ ಹಿಡಿದು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಹಳಿಗೆ ಬೆನ್ನು ಮಾಡಿ ನಿಂತ ಸಣ್ಣ ಹೆಂಗಸೊಬ್ಬಳು ಗುಡಿಸುವ ಲೆಕ್ಕದಲ್ಲಿ ಶುರು ಮಾಡಿದರು. ಕೈ ನಡುಗುತ್ತದೇನೋ ಎಂದು ಹೆದರಿದ್ದೆ. ಕಾಫಿ ಲೋಟ ಹಿಡಿದಾಗ ನಡುಗುವ ಕೈ ಅಲ್ಲಿ ನಡುಗಲಿಲ್ಲ.

ಆ ಗೆರೆಗಳನ್ನು ಅಳಿಯದ ಹಾಗೆ ಗಟ್ಟಿ ಮಾಡುವುದು ನನ್ನ ಪಾಲಿನ ಪರೀಕ್ಷೆ. ಸಿರಿಂಜಿನಲ್ಲಿ ಅಂಟು ಬಿಟ್ಟರೆ ಪುಡಿ ಕಲಸಿ ಹೋಯಿತು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಹೊಡೆದರೆ ಗುಳಿ ಗುಳಿ ಬಿದ್ದಿತು. "ಮಳೆ ಬಿದ್ದಂಗಾತು, ಮತ್ತೆ ಗುಡಿಸ್ಬೇಕು," ಎಂದು ಅತ್ತೆ ಪೊರಕೆ ಎತ್ತಿಕೊಂಡರು. ಒಂದೇ ಮೂಲೆಯನ್ನು ಐದು ಸಲ ಗುಡಿಸಿದರು, ಒಂದು ಸಲವೂ ಗೊಣಗಲಿಲ್ಲ. ಆರನೆಯ ಸಲ ನನಗೆ ಹೊಳೆಯಿತು. ಫ್ಯಾನು ನಿಲ್ಲಿಸಿ, ಕಿಟಕಿ ಬಾಗಿಲು ಹಾಕಿ, ಅಂಟನ್ನು ಇನ್ನಷ್ಟು ತೆಳ್ಳಗೆ ಮಾಡಿ, ಬಾಟಲಿಯನ್ನು ಸೂರಿನ ಕಡೆಗೆ ತಿರುಗಿಸಿ ಹೊಡೆದೆ. ಮೇಲೆ ಹೋದದ್ದು ಇಬ್ಬನಿಯಾಗಿ ಕೆಳಗಿಳಿದು ಗೆರೆಗಳ ಮೇಲೆ ಕೂತಿತು. ಹೀಗೆ ಇಪ್ಪತ್ತು ಸಲ. ಒಣಗಿದ ಮೇಲೆ ಬೆರಳಿಟ್ಟು ನೋಡಿದೆ: ಗೆರೆ ಕಲ್ಲಾಗಿತ್ತು. ಈ ಉಪಾಯ ನನ್ನದು, ಇದನ್ನು ಯಾರ ಜೊತೆಗೂ ಹಂಚಿಕೊಳ್ಳುವುದಿಲ್ಲ. ನಮ್ಮ ಇಬ್ಬರ ತಲೆಗೂದಲಿಗೂ ಎರಡು ದಿನ ಅಂಟು ಹಿಡಿದಿತ್ತು.

ಶುಕ್ರವಾರ ಸಂಜೆ ಸ್ಟೇಷನ್ ಮಾಸ್ಟರು ಬಂದು ನೋಡಿ ಗಾಬರಿಯಾದರು.

"ಇದೇನ್ ಟೀಚರ್, ಕಲ್ಯಾಣ ಮಂಟಪ ಮಾಡಿಟ್ಟಿದ್ದೀರಲ್ಲ? ಸೈಡಿಂಗ್ ಇಷ್ಟು ಕ್ಲೀನಾಗಿ ಇರ್ತದಾ?"

"ಸರ್, ನೀವು ಪ್ಲಾಟ್‌ಫಾರಂ ಮೇಲಿಂದ ನೋಡಿದ್ದೀರಿ. ನಮ್ಮತ್ತೆ ಬಗ್ಗಿ ನೋಡಿದ್ದಾರೆ," ಎಂದೆ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

ಅವರು ಅತ್ತೆಯ ಕಡೆ ತಿರುಗಿದರು. "ನೀವು ಅಲ್ಲಿದ್ರಾ ಅಮ್ಮ?"

"ಇದ್ದೆ ಸಾರ್. ನೀವು ಹಸಿರು ಬಾವುಟ ಹಿಡ್ಕಂಡು ನಿಂತಿರೋರು. ನಿಮ್ಮ ಪ್ಲಾಟ್‌ಫಾರಂ ತಂಕ ಗುಡಿಸ್ಕಂಡು ಬರ್ತಿದ್ದೆ."

ಅವರಿಗೆ ಅತ್ತೆಯ ನೆನಪಿರಲಿಲ್ಲ. ಪಾಪ, ಸುಳ್ಳು ಹೇಳುವವರಲ್ಲ. ಕನ್ನಡಕ ತೆಗೆದು ಒರೆಸಿ, "ಹಂಗಾದ್ರೆ ಹಿಂಗೇ ಇರಲಿ," ಎಂದರು. ಹೋಗುವಾಗ ಹಲಗೆಯ ಮುಂದೆ ಇಡಲು ಪ್ರಿಂಟ್ ಮಾಡಿಸಿ ತಂದಿದ್ದ ಕಾರ್ಡು ಕೊಟ್ಟರು. ರೈಲು ಎಂದು ಅವರ ಹೆಸರು, ನೆಲ ಮತ್ತು ಹಿನ್ನೆಲೆ ಎಂದು ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ನೋಡಿ ಖುಷಿಯಾಯಿತು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ಅನ್ನಿಸಲಿಲ್ಲ.

ಭಾನುವಾರ ಅತ್ತೆ ಹಬ್ಬದ ಸೀರೆ ಉಟ್ಟು ನನಗಿಂತ ಮೊದಲೇ ಬಸ್ ಸ್ಟ್ಯಾಂಡಿನಲ್ಲಿದ್ದರು. ಚಿತ್ರದುರ್ಗದ ಆ ಸಭಾಂಗಣದಲ್ಲಿ ಅಂಚೆಚೀಟಿ, ಹಳೆ ನಾಣ್ಯ, ಬೆಂಕಿಪೊಟ್ಟಣದ ಮನೆ, ಏನೇನೋ ಇದ್ದವು. ನಮ್ಮ ಮೇಜಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಜನ. ಎಲ್ಲರೂ ನೋಡಿದ್ದು ಇಂಜಿನ್ನನ್ನು. ಅದು ಕೂಗಿದರೆ ಇವರೂ ಕೂಗುವುದು, ಅದು ನಿಂತರೆ ಮುಂದಿನ ಮೇಜಿಗೆ ಹೋಗುವುದು. ನೆಲವನ್ನು ಒಬ್ಬರಾದರೂ ನೋಡಬಾರದೇ! ಒಬ್ಬರು ಮಾತ್ರ, "ಮಣ್ಣು ಒರಿಜಿನಲ್ಲಾ?" ಎಂದರು. ಹೌದು ಎನ್ನುವಷ್ಟರಲ್ಲಿ ಫೋಟೋ ತೆಗೆದುಕೊಂಡು ಹೋದರು. ನನಗೆ ಒಳಗೇ ಕುದಿಯುತ್ತಿತ್ತು. ಅತ್ತೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಬಂದು ಹೋಗುವವರ ಮುಖಗಳನ್ನು ಒಂದೂ ಬಿಡದೆ ನೋಡುತ್ತಿದ್ದರು. ಸೈಡಿಂಗಿನವರು ಯಾರಾದರೂ ಬರುತ್ತಾರಾ ಎಂದು ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಬರದಿದ್ದರೆ ಎಂದು ನನಗೇ ಹೆದರಿಕೆ. ಬಂದು ಗುರುತು ಹಿಡಿಯದಿದ್ದರೆ ಎಂದು ಅದಕ್ಕಿಂತ ಹೆದರಿಕೆ.

ಮಧ್ಯಾಹ್ನ ಊಟದ ಹೊತ್ತಿಗೆ ಜನ ಕರಗಿದರು. ಬಿಳಿ ಪಂಚೆ ಉಟ್ಟ, ಕೋಲೂರಿದ ಮುದುಕರೊಬ್ಬರು ನಿಧಾನಕ್ಕೆ ಬಂದರು. ಪಕ್ಕದ ಕೋಣೆಯಲ್ಲಿ ಅವರ ಮೊಮ್ಮಗಳ ಕಸೂತಿ ಇತ್ತಂತೆ, ಅದನ್ನು ನೋಡಲು ಬಂದವರು. ಸ್ಟೇಷನ್ ಮಾಸ್ಟರು ಉತ್ಸಾಹದಿಂದ ಇಂಜಿನ್ ಓಡಿಸಿದರು. ಮುದುಕರು ಅದರ ಕಡೆ ತಿರುಗಲೂ ಇಲ್ಲ. ಹಲಗೆಯ ಅಂಚಿಗೆ ಮುಖ ತಂದು, ಬೇವಿನ ಮರದ ಬುಡ ನೋಡಿದರು. ಸುಣ್ಣದ ಗೆರೆ ನೋಡಿದರು. ಮಿರಮಿರ ಎನ್ನುವ ದಾರಿ ನೋಡಿದರು. ಪ್ಲಾಟಿನ ಹತ್ತಿರ ಬಂದು ನಿಂತುಬಿಟ್ಟರು.

"ಇದನ್ನ ಗುಡಿಸಿದ್ದು ಯಾರು?" ಎಂದರು.

ಮಾಡಿದ್ದು ಯಾರು ಎನ್ನಲಿಲ್ಲ, ಗುಡಿಸಿದ್ದು ಯಾರು ಎಂದರು.

"ಯಾಕೆ ತಾತ?"

"ಎಡಗೈ ಗುಡಿತ ಐತೆ ಇದು. ನಮ್ಮ ಸೈಡಿಂಗಿನಾಗೆ ಎಡಚಿ ಒಬ್ಬಳೇ ಇದ್ದದ್ದು. ಬಲು ಬಾಯಿ ಆವಮ್ಮಂದು. ಅದಾಳೋ ಇಲ್ವೋ..." ಎನ್ನುತ್ತ ಪ್ಲಾಟಿನ ಗೆರೆಗಳನ್ನು ಮುಟ್ಟಿ ನೋಡಲು ಬೆರಳು ಮುಂದೆ ಮಾಡಿದರು.

"ಗುಡಿಸೀನಿ!"

ಹಿಂದಿನ ಕುರ್ಚಿಯಿಂದ ಬಂದ ಆ ಕೂಗಿಗೆ ಇಡೀ ಸಭಾಂಗಣ ತಿರುಗಿ ನೋಡಿತು. ಮೇಸ್ತ್ರಿ ಚಾಚಿದ ಕೈಯನ್ನು ತಟಕ್ಕನೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಯಾರು ಕೂಗಿದ್ದು ಎಂದು ನೋಡಿದರು. ನೋಡಿದವರು ಕೋಲನ್ನು ಮೇಜಿಗೆ ಒರಗಿಸಿ, ಎರಡೂ ಕೈಯೆತ್ತಿ ಮುಗಿದರು.

"ಇನ್ನೂ ಹಂಗೇ ಐದೀಯಲ್ಲೇ ಯವ್ವಾ!"

"ಹಂಗೇ ಐದೀನಿ. ನೀನು ಬೂಟು ಬಿಟ್ಟೀಯ, ಅಷ್ಟೇ," ಎಂದರು ಅತ್ತೆ. ನಗುತ್ತಿದ್ದರು, ಕಣ್ಣಲ್ಲಿ ನೀರು ಬರುತ್ತಿತ್ತು, ಎರಡನ್ನೂ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

ಇಬ್ಬರೂ ಅರ್ಧ ಗಂಟೆ ಆ ಆರಡಿ ಹಲಗೆಯ ಸುತ್ತ ಓಡಾಡಿದರು. ಯಾರ ಪ್ಲಾಟು ಎಲ್ಲಿ, ಯಾರು ಅದಿರು ಹೊತ್ತು ವ್ಯಾಗನ್ನಿನ ಹಲಗೆಯಿಂದ ಜಾರಿ ಬಿದ್ದದ್ದು ಎಲ್ಲಿ ಎಂದೆಲ್ಲ ಬೆರಳು ತೋರಿಸಿ ಮಾತಾಡಿದರು. ತೋರಿಸಿದರು ಅಷ್ಟೇ, ಮೇಸ್ತ್ರಿ ಒಂದು ಸಲವೂ ಮುಟ್ಟಲಿಲ್ಲ. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಹಿಂದೆ ಎಷ್ಟೋ ಚಿತ್ರ ಬರೆದು ಚಪ್ಪಾಳೆ ಗಿಟ್ಟಿಸಿದ್ದೇನೆ, ಇಂಥ ಹೆಮ್ಮೆ ಒಮ್ಮೆಯೂ ಆಗಿರಲಿಲ್ಲ.

ಮೇಸ್ತ್ರಿ ಹೋದ ಮೇಲೆ ಅತ್ತೆ ಕುರ್ಚಿಗೆ ಮರಳಲಿಲ್ಲ. ಹಲಗೆಯ ಮುಂದಿದ್ದ ಕಾರ್ಡನ್ನು ತೋರಿಸಿ, "ಇದ್ರಾಗೆ ಏನ್ ಬರ್ದೈತೆ, ಓದು," ಎಂದರು. ಅವರಿಗೆ ಸಹಿ ಹಾಕಲು ಬರುತ್ತದೆ, ಓದಲು ಬರುವುದಿಲ್ಲ. ಓದಿದೆ. ರೈಲು ಎಂದು ಸ್ಟೇಷನ್ ಮಾಸ್ಟರ ಹೆಸರು, ನೆಲ ಎಂದು ನನ್ನ ಹೆಸರು. ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು. ಅತ್ತೆ, "ಸರಿ ಬಿಡು," ಎಂದರು. ಸಿಟ್ಟಿರಲಿಲ್ಲ ಅದರಲ್ಲಿ, ಅದಕ್ಕೇ ತಡೆಯಲಾಗಲಿಲ್ಲ.

ಬ್ಯಾಗಿನಿಂದ ಶಾಲೆಯ ಮಾರ್ಕರ್ ಪೆನ್ನು ತೆಗೆದೆ. 'ನೆಲ' ಎಂದಿದ್ದ ಕಡೆ ನನ್ನ ಹೆಸರಿನ ಮೇಲೆ ಜಾಗವಿತ್ತು. ಅಲ್ಲಿ 'ಗುಡಿಸಿದವರು' ಎಂದು ಬರೆದು, ಅತ್ತೆಯ ಹೆಸರು ಬರೆಯಲು ಶುರು ಮಾಡಿದೆ. ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ತಮ್ಮ ಹೆಸರಿನ ಮೊದಲ ಅಕ್ಷರದ ಗುರುತು ಸಿಕ್ಕಿರಬೇಕು.

"ದೊಡ್ಡದಾಗಿ ಬರಿ," ಎಂದರು. "ಮೇಸ್ತ್ರಿ ನಾಳೆ ಉಳಿದೋರನ್ನೆಲ್ಲ ಕರ್ಕಂಡು ಬರ್ತಾನಂತೆ. ಅವರಿಗೆಲ್ಲ ಕಣ್ಣು ಮಂಜು."